ಕೈಯಲ್ಲಿ ಉಳಿದ ಕಾಲಾಳು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನನ್ನ ಅಕ್ಕನ ರಾಣಿಯನ್ನು ಹಿಡಿದುಕೊಟ್ಟವನು ನಾನು. ರಾಣೆಬೆನ್ನೂರಿನ ಒಂದು ಕಾಲೇಜಿನ ಅಂಗಳದಲ್ಲಿ, ಬೇವಿನ ಗಿಡದ ಕೆಳಗೆ ಕುಳಿತು, ಬಾಯಲ್ಲಿ ಅರ್ಧ ರೊಟ್ಟಿ ಇಟ್ಟುಕೊಂಡು, ಯಾರೂ ಕೇಳದಿದ್ದರೂ ಹಿಡಿದುಕೊಟ್ಟೆ. ಒಬ್ಬರನ್ನು ನಗಿಸಬೇಕು ಎನ್ನುವ ಚಟ, ಅಷ್ಟೇ. ಆಮೇಲೆ ಹಗ್ಗದ ಈಚೆ ನಿಂತು ಆ ರಾಣಿ ಸಾಯುವುದನ್ನು ಕಣ್ಣಾರೆ ನೋಡಿದೆ.

ನಾನು ಹಾವೇರಿಯಲ್ಲಿ ಒಬ್ಬ ವಕೀಲರ ಹತ್ತಿರ ಟೈಪ್ ಮಾಡುತ್ತೇನೆ. ಕೋರ್ಟಿನ ಬಾಗಿಲಲ್ಲಿ ನಿಂತು ಮೂರು ಸಲ ಹೆಸರು ಕೂಗುವ ಜವಾನನ ದನಿ, ಸ್ಟೇಷನ್ನಿನಲ್ಲಿ ರೈಲು ತಡ ಎಂದು ಹೇಳುವ ಹೆಣ್ಣಿನ ದನಿ, ಅಗಡಿ ಬಸ್ಸಿನ ಕಂಡಕ್ಟರು ಚಿಲ್ಲರೆ ಕೇಳುವಾಗಿನ ಮುಖ, ನಮ್ಮ ವಕೀಲರು ಕಕ್ಷಿದಾರನಿಗೆ "ನೋಡೂಣು ನೋಡೂಣು" ಎನ್ನುವ ರೀತಿ, ಎಲ್ಲವೂ ನನಗೆ ಬರುತ್ತವೆ. ಚದುರಂಗವೊಂದು ಬರುವುದಿಲ್ಲ. ಚದುರಂಗ ಆಡುವವರ ಮುಖ ಮಾತ್ರ ಬರುತ್ತದೆ. ಯೋಚಿಸುತ್ತಿರುವವನಂತೆ ಗದ್ದ ಹಿಡಿದು ನಾನು ಕುಳಿತರೆ ಎದುರಿನವನಿಗೆ ಎದೆ ನಡುಗಬೇಕು. ಹತ್ತು ನಡೆ ಆದ ಮೇಲೆ ಅವನು ಚಹಾ ಕುಡಿಯಲು ಎದ್ದು ಹೋಗಿರುತ್ತಾನೆ.

ಅಕ್ಕ ನನಗಿಂತ ಏಳು ವರ್ಷ ದೊಡ್ಡವಳು. ಆಟ ಕಲಿಸಿದವಳೂ ಅವಳೇ. ಮಡಚುವ ಮರದ ಬೋರ್ಡು, ಅದರಲ್ಲಿ ಒಂದು ಕರಿಯ ಕುದುರೆಗೆ ಕಿವಿ ಇಲ್ಲ. ಕಿವಿ ಮುರಿದದ್ದು ನಾನು ಸೋತು ಬೋರ್ಡು ಒದ್ದಾಗ. ಅವಳ ಹತ್ತಿರ ಒಂದೇ ಒಂದು ಕಾಯಿದೆ ಇತ್ತು, ಅದರ ಮೇಲೆ ಅಪೀಲು ಇರಲಿಲ್ಲ. ಮುಟ್ಟಿದ ಕಾಯಿಯನ್ನು ನಡೆಸಲೇಬೇಕು. ಎದುರಿನವರ ಕಾಯಿ ಮುಟ್ಟಿದರೆ ಹೊಡೆಯಲೇಬೇಕು. ಆರೇಳು ವರ್ಷದ ನಾನು ಮೂಗು ಒರೆಸಿಕೊಳ್ಳುತ್ತ ಗೋಗರೆಯುತ್ತಿದ್ದೆ.

"ಅಕ್ಕಾ, ಇದೊಂದ ಸಲ. ಕೈ ಜಾರಿ ಮುಟ್ಟೇನಿ."

"ಜಾರಿದ ಕೈ ಯಾರದು?"

"ನಂದ."

"ಹಂಗಾರ ನಡಸು."

ನಡೆಸುತ್ತಿದ್ದೆ. ಸೋಲುತ್ತಿದ್ದೆ. ಅವಳಿಗೆ ಕನಿಕರ ಎಂದರೆ ಏನೆಂದು ಆ ಬೋರ್ಡಿನ ಮೇಲೆ ನಾನು ಒಮ್ಮೆಯೂ ಕಂಡಿಲ್ಲ.

ಅವಳ ಆಟಕ್ಕೆ ನಮ್ಮ ಮನೆಯಲ್ಲಿ ಕೊಟ್ಟು ಹೊಡೆಯುವುದು ಎಂದು ಹೆಸರು. ಮೊದಲು ಕುದುರೆಯನ್ನು ಕೊಡುತ್ತಾಳೆ. ಎದುರಿನವರು ಪುಕ್ಕಟೆ ಸಿಕ್ಕಿತೆಂದು ತಿನ್ನುತ್ತಾರೆ. ಆಮೇಲೆ ರಾಜನ ಮುಂದಿನ ಕಾಲಾಳಿಗೆ ಒಂಟೆಯನ್ನು ಕೊಡುತ್ತಾಳೆ. ಅದನ್ನೂ ತಿನ್ನುತ್ತಾರೆ. ಆಗ ನೋಡಿದರೆ ಅವರ ರಾಜ ಬಯಲಿಗೆ ಬಿದ್ದಿರುತ್ತಾನೆ, ಅವಳ ರಾಣಿ ಬಾಗಿಲಲ್ಲಿ ನಿಂತಿರುತ್ತಾಳೆ. "ಉಂಡವರಿಗೆ ನಿದ್ದಿ ಬರ್ತೈತಿ. ಆವಾಗ ಎದ್ದು ಹೊಡೀಬೇಕು" ಎನ್ನುವುದು ಅವಳ ಶಾಸ್ತ್ರ. ಎದುರಿನವರ ರಾಣಿಯನ್ನು ಹಿಡಿಯುವುದಕ್ಕೂ ಒಂದು ಶಾಸ್ತ್ರವಿದೆ. "ರಾಣಿ ಬೆನ್ನ ಹತ್ತಿ ಓಡಿದ್ರ ಸಿಗೂದಿಲ್ಲ. ಊಟಕ್ಕ ಕರೀಬೇಕು. ಆಕಿ ಉಣ್ಣಾಕ ಕುಂತಾಗ ಬಾಗಲಾ ಹಾಕಬೇಕು."

ಮದುವೆಯಾಗಿ ಬ್ಯಾಡಗಿಗೆ ಹೋದಾಗ ಸ್ಟೀಲು ಪಾತ್ರೆಗಳ ನಡುವೆ ಆ ಬೋರ್ಡೂ ಹೋಯಿತು. ಅವರದು ಮೆಣಸಿನಕಾಯಿ ವ್ಯಾಪಾರದ ಮನೆ. ಭಾನುವಾರ ನಾನು ಹೋದರೆ ಅಕ್ಕ ಪಡಸಾಲೆಯಲ್ಲಿ ಮೆಣಸಿನಕಾಯಿಯ ರಾಶಿ ಹಾಕಿಕೊಂಡು ತೊಟ್ಟು ಮುರಿಯುತ್ತ ಕುಳಿತಿರುತ್ತಿದ್ದಳು. ನಾನು ಎರಡು ಸಲ ಸೀನಿ ಎದುರಿಗೆ ಕೂಡುತ್ತಿದ್ದೆ. ಆಟ ಅಲ್ಲೇ. ಬಲಗೈಗೆ ಖಾರ ಹತ್ತಿರುತ್ತದೆ, ಆದ್ದರಿಂದ ಆಡುವುದು ಎಡಗೈ. ಒಂದೇ ಕೈಯಲ್ಲಿ ಆಡಿ ಆಡಿ ಅವಳಿಗೊಂದು ರೂಢಿ ಬಿತ್ತು. ನನ್ನ ಕಾಯಿ ಹೊಡೆಯುವಾಗ ಮೊದಲು ಅದನ್ನು ಎತ್ತಿ ಮುಷ್ಟಿಯಲ್ಲಿ ಇಟ್ಟುಕೊಳ್ಳುವಳು. ಆಮೇಲೆ ಅದೇ ಕೈಯ ಎರಡು ಬೆರಳಿನಿಂದ ತನ್ನ ಕಾಯಿ ತಂದು ಆ ಮನೆಗೆ ಇಡುವಳು. ಅಕ್ಕಿಯೊಳಗಿನ ಹರಳು ಆರಿಸಿದ ಹಾಗೆ, ಮೊದಲು ತೆಗೆಯುವುದು, ಯೋಚನೆ ಆಮೇಲೆ.

ಜಿಲ್ಲಾ ಹೆಣ್ಣುಮಕ್ಕಳ ಆಯ್ಕೆಯ ಆಟಕ್ಕೆ ಅವಳು ಎರಡು ವರ್ಷ ಹೋಗಿದ್ದಳು. ನಾಲ್ವರನ್ನು ಆರಿಸಿ ರಾಜ್ಯಮಟ್ಟಕ್ಕೆ ಕಳಿಸುತ್ತಾರೆ. ಎರಡೂ ವರ್ಷ ಇವಳು ಐದನೆಯವಳು. ನಾನು ಬಿಡುತ್ತೇನೆಯೇ? ಬಂದವರ ಮುಂದೆಲ್ಲ, ರೈಲು ಹೇಳುವ ಹೆಣ್ಣಿನ ದನಿಯಲ್ಲಿ, "ಐದನೇ ನಂಬರಿನ ಅಕ್ಕಾರು ಪ್ಲಾಟ್‌ಫಾರಂ ಮೇಲೇ ನಿಂತಿದ್ದಾರೆ, ಗಾಡಿ ಹೋಗಿದೆ" ಎಂದು ಘೋಷಣೆ ಮಾಡುತ್ತಿದ್ದೆ. ಎಲ್ಲರೂ ನಗುತ್ತಿದ್ದರು, ಅಕ್ಕನೂ ನಗುತ್ತಿದ್ದಳು. ಕಳೆದ ವರ್ಷ, ಮೂರನೆಯ ಸಲದ ಆಟಕ್ಕೆ ಒಂದು ವಾರ ಇದ್ದಾಗ ಮತ್ತೆ ಹಾಗೇ ಮಾಡಿದೆ. ಈ ಸಲ ಅವಳು ನಗಲಿಲ್ಲ. ಕೈಯಲ್ಲಿದ್ದ ಮೆಣಸಿನಕಾಯಿಯ ತೊಟ್ಟು ಮುರಿದು, ಕಾಯಿಯನ್ನು ರಾಶಿಗೆ ಹಾಕಿ ಹೇಳಿದಳು.

"ಈ ಸಲನೂ ಐದ ಆತಂದ್ರ ಬೋರ್ಡು ಅಟ್ಟಕ್ಕ. ಮತ್ತ ಇಳಸೂದಿಲ್ಲ."

ಒಳಗಿನಿಂದ ಅವಳ ಅತ್ತೆ, "ಅಟ್ಟದ ಮ್ಯಾಲೆ ಹಳೇ ಕುಕ್ಕರು ಅದಾವು, ಸರಿಸಬೇಕಾಗ್ತೈತಿ. ಮೊದ್ಲ ಹೇಳವಾ" ಎಂದರು. ಆಮೇಲೆ ಹೊರಗೆ ಬಂದು, "ಗೆದ್ದ ಬಾ. ಆ ಕುಕ್ಕರು ಎತ್ತೂದು ನನ್ನ ಕೈಲೆ ಆಗೂದಿಲ್ಲ" ಎಂದು ಅವಳ ಬೆನ್ನ ಮೇಲೆ ಒಂದು ಸಣ್ಣ ಪೆಟ್ಟು ಕೊಟ್ಟು ಹೋದರು. ನಾನು ಅತ್ತೆಯ ಆ ನಡಿಗೆಯನ್ನೂ ಅಲ್ಲೇ ಮಾಡಿ ತೋರಿಸಿದೆ. ಅಕ್ಕನ ಮಾತು ಖರೆಯದ್ದು ಎಂದು ಗೊತ್ತಾಗುವಷ್ಟು ಬುದ್ಧಿ ನನಗೆ ಆಗ ಇರಲಿಲ್ಲ.

ಆಟದ ದಿನ ರಾಣೆಬೆನ್ನೂರಿಗೆ ನಾನು ಹಾವೇರಿಯಿಂದ ಹೋದೆ, ಅವಳು ಬ್ಯಾಡಗಿಯಿಂದ ರೊಟ್ಟಿ ಕಟ್ಟಿಕೊಂಡು ಬಂದಳು. ಒಂದೇ ದಿನ, ಐದು ಸುತ್ತು. ಮಧ್ಯಾಹ್ನದ ಹೊತ್ತಿಗೆ ನಾಲ್ಕು ಮುಗಿದು, ಅಕ್ಕ ಮೂರು ಗೆದ್ದು ಒಂದು ಸೋತಿದ್ದಳು. ಗೆದ್ದ ಮೂರರಲ್ಲಿ ಒಂದಂತೂ ಹಬ್ಬದ ಊಟ. ಒಬ್ಬ ಕಾಲೇಜು ಹುಡುಗಿಗೆ ಒಂಟೆಯನ್ನು ನೈವೇದ್ಯ ಇಟ್ಟಳು. ಆ ಹುಡುಗಿಯ ರಾಣಿ ಓಡಿ ಬಂದು ತಿಂದಿತು. ಅಕ್ಕ ಒಂದು ಕಾಲಾಳನ್ನು ಒಂದು ಮನೆ ಮುಂದೆ ಸರಿಸಿದಳು, ರಾಣಿಗೆ ಹಿಂದಿರುಗುವ ದಾರಿಯೇ ಇಲ್ಲ. ಹುಡುಗಿ ಬೋರ್ಡನ್ನು ನೋಡುತ್ತ ಕುಳಿತಳು, ಅಕ್ಕ ಆ ಹುಡುಗಿಯನ್ನು ನೋಡದೆ ಕಿಟಕಿ ನೋಡುತ್ತ ಕುಳಿತಳು. ಕೊನೆಯ ಸುತ್ತಿನಲ್ಲಿ ಡ್ರಾ ಆಗಿ ಅರ್ಧ ಅಂಕ ಸಿಕ್ಕರೂ ಮೊದಲ ನಾಲ್ವರಲ್ಲಿ ಬರುವುದು ಖಾತ್ರಿ. ಗೆಲ್ಲುವುದೂ ಬೇಕಿರಲಿಲ್ಲ.

ಊಟದ ಹೊತ್ತಿಗೆ ಅಕ್ಕ ಮನೆಗೆ ಫೋನು ಮಾಡಲು ಗೇಟಿನ ಕಡೆ ಹೋದಳು. ನಾನು ಬೇವಿನ ಗಿಡದ ಕಟ್ಟೆಯ ಮೇಲೆ ಡಬ್ಬಿ ಬಿಚ್ಚಿದೆ. ಪಕ್ಕದಲ್ಲಿ ನಲವತ್ತರ ಆಸುಪಾಸಿನ ಒಬ್ಬರು ತಲೆಯ ಮೇಲೆ ಓಢಣಿ ಹಾಕಿಕೊಂಡು ಬಿಸ್ಕೀಟು ತಿನ್ನುತ್ತ ಕುಳಿತಿದ್ದರು. ನಮ್ಮ ಕಡೆ ಮಗ್ಗುಲಲ್ಲಿ ಮನುಷ್ಯರಿರುವಾಗ ಡಬ್ಬಿ ಬಿಚ್ಚಿ ಒಬ್ಬನೇ ಉಣ್ಣುವುದು ಎಂದರೆ ಕಳ್ಳತನಕ್ಕಿಂತ ಕಡೆ.

"ಬರ್ರಿ, ಊಟ ಮಾಡೂಣು" ಎಂದೆ.

"ಇರ್ಲಿ ತಮ್ಮಾ, ನೀ ಮಾಡು."

"ಒಂದು ರೊಟ್ಟಿ ತಗೋರಿ ಆಪಾ. ಬ್ಯಾಡಗಿ ಖಾರಬ್ಯಾಳಿ ಐತಿ. ಇದನ್ನ ಬಿಟ್ಟು ಬಿಸ್ಕೀಟು ತಿಂದ್ರಿ ಅಂದ್ರ ನಮ್ಮ ಊರಿಗೆ ಅವಮಾನ."

ನಕ್ಕು ಬಂದು ಕುಳಿತರು. ಐರಣಿಯವರು, ಹೊಳೆಯ ದಂಡೆಯ ಊರು. ಮನೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದಾರೆ. ಆಟ ಕಲಿಸಿದ್ದು ಅವರ ಅಬ್ಬಾ. "ನಮ್ಮ ಮನ್ಯಾಗ ಅದಕ್ಕ ರಾಣಿ ಅನ್ನೂದಿಲ್ಲ, ವಜೀರ ಅಂತೇವಿ" ಎಂದರು. ಅಲ್ಲಿಗೆ ನನಗೆ ಅವರೂ ಆಟಗಾರ್ತಿ ಎಂದು ಗೊತ್ತಾಯಿತು. ಅಷ್ಟು ಗೊತ್ತಾದ ಮೇಲೆ ಬುದ್ಧಿ ಇದ್ದವನು ರೊಟ್ಟಿಯ ಕಡೆ ಗಮನ ಕೊಡುತ್ತಾನೆ. ನಾನು, "ನಮ್ಮ ಅಕ್ಕ ಆಡೂದು ನೋಡೀರಿಲ್ಲೊ?" ಎಂದೆ.

ನೋಡಿಲ್ಲ ಎಂದರು. ನಾನು ತೋರಿಸಿದೆ.

ಕಟ್ಟೆಯ ಮೇಲೆ ಪದ್ಮಾಸನ ಹಾಕಿ ಕುಳಿತೆ. ಟವೆಲನ್ನು ಹೆಗಲ ಮೇಲೆ ಸೆರಗಿನ ಹಾಗೆ ಹಾಕಿಕೊಂಡೆ. "ಇಲ್ಲಿ ನೋಡ್ರಿ, ಕುದುರಿ ಕೊಡಬೇಕಂತ ಮನಸಿನ್ಯಾಗ ಬಂತು ಅಂದ್ರ ಮೊದ್ಲ ಸೆರಗು ಸರಿ ಮಾಡ್ಕೋತಾಳ. ಆಮ್ಯಾಲೆ ಮ್ಯಾಲೆ ಜಂತಿ ನೋಡ್ತಾಳ, ಒಲಿ ಮ್ಯಾಲೆ ಹಾಲು ಇಟ್ಟದ್ದು ನೆನಪಾದಂಗ. ಅಷ್ಟಾತಂದ್ರ ತಿಳಕೋರಿ, ಯಾರದೋ ರಾಜನ ಮನಿಗೆ ಬೆಂಕಿ ಬಿತ್ತು." ಆಪಾ ಬಾಯಿಗೆ ಓಢಣಿ ಒತ್ತಿಕೊಂಡರು. ನನಗೆ ಹುರುಪು ಬಂತು. "ಆದ್ರ ಒಂದು ರೋಗ ಐತಿ. ಮೂಲ್ಯಾಗ ಒಂದು ಕಾಲಾಳು ಕಾವಲಿಲ್ದ ಬಿದ್ದದ್ದು ಕಂಡ್ರ ತೀರ್ತು. ಎಂಥಾ ಯುದ್ಧ ನಡದಿರ್ಲಿ, ರಾಣಿನ್ನ ಅತ್ತಾಗ ಓಡಸ್ತಾಳ. ಮದುವಿಗೆ ಹೊಂಟಾಕಿ ದಾರ್ಯಾಗ ಬಿದ್ದ ಮೆಣಸಿನಕಾಯಿ ಆರಿಸ್ಕೊಂಡು ಉಡ್ಯಾಗ ಹಾಕ್ಕೊಂಡಂಗ. ಕೇಳಿದ್ರ ಏನಂತಾಳ? ಕೊಡಬೇಕಂದ್ರ ಮೊದ್ಲ ಕೈಯಾಗ ಇರಬೇಕಲ್ಲೋ ಅಂತಾಳ." ಆಮೇಲೆ ಎಡಗೈಯಿಂದ ಬೆಲ್ಲದ ಚೂರೊಂದನ್ನು ಎತ್ತಿ, ಮುಷ್ಟಿಯಲ್ಲಿ ಇಟ್ಟುಕೊಂಡು, ಎರಡು ಬೆರಳಿನಿಂದ ಕಾಯಿ ನಡೆಸುವುದನ್ನೂ ಮಾಡಿದೆ. ನಕ್ಕು ನಕ್ಕು ಆಪಾ ಅವರ ಕಣ್ಣಲ್ಲಿ ನೀರು ಬಂತು. ಖಾರಕ್ಕೆ ಬಂತೋ ನಗೆಗೆ ಬಂತೋ, ಎರಡರ ಶ್ರೇಯವನ್ನೂ ನಾನೇ ತೆಗೆದುಕೊಂಡೆ.

ಅಕ್ಕ ಬರುವಷ್ಟರಲ್ಲಿ ಅವರು ನಮ್ಮ ಒಂದು ಡಬ್ಬಿಯನ್ನು, ತೊಳೆದು ಕೊಡುತ್ತೇನೆಂದು ತೆಗೆದುಕೊಂಡು ನಲ್ಲಿಯ ಕಡೆ ಹೋಗಿದ್ದರು. ಹತ್ತು ನಿಮಿಷಕ್ಕೆ ಕೊನೆಯ ಸುತ್ತಿನ ಜೋಡಿಗಳ ಚೀಟಿ ಅಂಟಿಸಿದರು. ಅಕ್ಕನಿಗೆ ಕರಿಯ ಕಾಯಿ. ಬಿಳಿಯ ಕಾಯಿ ಐರಣಿಯವರಿಗೆ. ಹಿಂದಿನ ಎರಡೂ ವರ್ಷ ಅಕ್ಕ ಇದ್ದ ಐದನೆಯ ಜಾಗದಲ್ಲಿ ಈ ಸಲ ಅವರಿದ್ದರು. ಅವರಿಗೆ ಅರ್ಧ ಅಂಕ ಸಾಲದು, ಗೆಲುವೇ ಬೇಕು.

ಅಕ್ಕನಿಗೆ ಆಗಲೇ ಹೇಳಿಬಿಡಬಹುದಿತ್ತು. ಹೇಳಲಿಲ್ಲ. ಹೇಳಿದರೆ ಅವಳ ಮನಸ್ಸು ಕೆಡುತ್ತದೆ ಎಂದು ನನಗೆ ನಾನೇ ವಕೀಲಿಕೆ ಮಾಡಿಕೊಂಡೆ. ಖರೆ ಸಂಗತಿ ಎಂದರೆ ಬೈಸಿಕೊಳ್ಳುವ ಭಯ. "ಅಕ್ಕಾ, ಅರ್ಧ ಸಿಕ್ರ ಸಾಕು. ಡ್ರಾ ಕೇಳು" ಎಂದಷ್ಟೇ ಹೇಳಿದೆ.

"ಸುಮ್ಮ ನಿಂದ್ರಲೆ" ಎಂದು ಒಳಗೆ ಹೋದಳು.

ಆಟದ ಮೇಜುಗಳಿಗೂ ನೋಡುವವರಿಗೂ ನಡುವೆ ಒಂದು ಹಗ್ಗ. ಒಂದು ಮಾತು ಆಡುವ ಹಾಗಿಲ್ಲ, ಸನ್ನೆ ಮಾಡುವ ಹಾಗಿಲ್ಲ. ಮೊದಲ ಹತ್ತು ನಡೆ ನೆಟ್ಟಗೆ ನಡೆದವು. ಆಮೇಲೆ ಅಕ್ಕ ಸೆರಗು ಸರಿ ಮಾಡಿಕೊಂಡಳು. ಆಪಾ ತಲೆ ತಗ್ಗಿಸಿ ತುಟಿ ಕಚ್ಚಿದರು. ಅಕ್ಕ ಮೇಲೆ ಜಂತಿ ನೋಡುವ ಮೊದಲೇ ಅವರು ರಾಜನ ಮುಂದೆ ಕಾವಲು ಹಾಕಿದರು. ಕುದುರೆ ಕೊಡುವ ಯೋಚನೆ ಅಲ್ಲಿಗೆ ಕೆಟ್ಟಿತು.

ಮತ್ತೆ ನಾಲ್ಕು ನಡೆ ಆದವು. ಆಪಾ ಅಂಚಿನ ಕಾಲಾಳನ್ನು ಸುಮ್ಮನೆ ಒಂದು ಮನೆ ಮುಂದೆ ತಳ್ಳಿದರು. ಮುಂದಿನ ನಡೆಗೆ, ಅದರ ಪಕ್ಕದ ಕಾಲಾಳನ್ನು ಕಾಯುತ್ತಿದ್ದ ಒಂಟೆಯನ್ನು ಒಂದು ಮನೆ ಆಚೆ ಸರಿಸಿದರು. ಆ ಪಕ್ಕದ ಕಾಲಾಳು ಈಗ ಒಂಟಿ, ಕಾಯುವವರು ಯಾರೂ ಇಲ್ಲ. ಅಕ್ಕನ ರಾಣಿ ಅದೇ ಸಾಲಿನಲ್ಲಿ ದೂರದಲ್ಲಿ ನಿಂತು ಅದನ್ನು ನೋಡುತ್ತಿತ್ತು.

ನನಗೆ ಆಟ ಬರುವುದಿಲ್ಲ ಎಂದೆನಲ್ಲ. ಆದರೂ ಅದನ್ನು ಕಂಡೆ, ಯಾಕೆಂದರೆ ಅದು ಆಟವಾಗಿರಲಿಲ್ಲ, ನನ್ನದೇ ನಕಲು. ಬೇವಿನ ಗಿಡದ ಕೆಳಗೆ ನಾನು ಹೇಳಿದ ಮೆಣಸಿನಕಾಯಿ ಅಲ್ಲಿ ದಾರಿಯ ಮೇಲೆ ಬಿದ್ದಿತ್ತು. ರಾಣಿ ಬಂದು ಆರಿಸಿಕೊಂಡರೆ ಅವರ ಕುದುರೆ ಅಂಚಿಗೆ ಒಂದು ಜಿಗಿತ ಜಿಗಿಯುತ್ತದೆ. ರಾಣಿ ಹಿಂದಿರುಗಬಹುದಾದ ಮನೆಗಳಲ್ಲಿ ಒಂದಕ್ಕೆ ಆ ಕುದುರೆ ಕಾವಲು, ಒಂದಕ್ಕೆ ಅಂಚಿನ ಕಾಲಾಳು, ಒಂದಕ್ಕೆ ದೂರದ ಇನ್ನೊಂದು ಒಂಟೆ. ಪಕ್ಕದ ದಾರಿಗೆ ಆಗಲೇ ಸರಿಸಿಟ್ಟ ಒಂಟೆ. ಮೂಲೆಯಲ್ಲಿ ಆನೆ. ಬಾಗಿಲು ಹಾಕಿಯಾಗಿತ್ತು, ಒಳಗೆ ಬರುವುದೊಂದೇ ಬಾಕಿ.

ನೂರು ದನಿ ಬರುತ್ತವೆ ನನಗೆ. ಒಂದನ್ನೂ ತೆಗೆಯುವ ಹಾಗಿಲ್ಲ. ಕೆಮ್ಮಲೇ ಎಂದುಕೊಂಡೆ. ಬ್ಯಾಡಗಿಯಲ್ಲಿ ಕೆಮ್ಮಿದರೆ ಯಾರೂ ತಿರುಗಿ ನೋಡುವುದಿಲ್ಲ, ಇಡೀ ಊರೇ ಕೆಮ್ಮುತ್ತಿರುತ್ತದೆ. ಇಲ್ಲಿ ಕೆಮ್ಮಿದರೆ ತೀರ್ಪುಗಾರರು ಬರುತ್ತಾರೆ, ಅಕ್ಕನ ಆಟವನ್ನೇ ರದ್ದು ಮಾಡಬಹುದು. ಕಣ್ಣು ಅಗಲಿಸಿದೆ. ಅಕ್ಕ ನನ್ನ ಕಡೆ ನೋಡಲಿಲ್ಲ. ಇಷ್ಟು ವರ್ಷ ಅವಳು ನನ್ನ ಕಡೆ ನೋಡಲಿ ಎಂದೇ ಮಂಗನಾಟ ಮಾಡಿದವನು ನಾನು. ಬೇಡವೆಂದಾಗೆಲ್ಲ ನೋಡಿದ್ದಾಳೆ.

ಅವಳ ಎಡಗೈ ಎದ್ದಿತು. ಆ ಕಾಲಾಳನ್ನು ಎತ್ತಿ ಮುಷ್ಟಿಯಲ್ಲಿ ಇಟ್ಟುಕೊಂಡಿತು.

ರಾಣಿಯ ಕಡೆ ಹೊರಟ ಎರಡು ಬೆರಳು ನಡುವೆ ನಿಂತುಬಿಟ್ಟವು. ಕಂಡಿತು ಅವಳಿಗೆ. ಅದೇ ಹೊತ್ತಿಗೆ ಆಪಾ ನೀರಿನ ಬಾಟಲಿ ತೆಗೆಯಲು ಮೇಜಿನ ಕೆಳಗೆ ಬಗ್ಗಿದ್ದರು. ತೀರ್ಪುಗಾರರು ಆ ತುದಿಯ ಮೇಜಿನಲ್ಲಿ ಗಡಿಯಾರ ಸರಿ ಮಾಡುತ್ತಿದ್ದರು. ಆ ಕೈಯನ್ನು ನೋಡುತ್ತಿದ್ದವನು ಇಡೀ ಕೋಣೆಯಲ್ಲಿ ನಾನೊಬ್ಬನೇ. ಕಾಲಾಳನ್ನು ತಿರುಗಿ ಅದರ ಮನೆಯಲ್ಲಿ ಇಟ್ಟರೆ ತೀರಿತು. ಇನ್ನೊಂದು ಕಾಯಿ ನಡೆಸಿದರೆ ತೀರಿತು. ಆಟ ಸಮಸಮವಾಗಿತ್ತು, ಅರ್ಧ ಅಂಕ ಅಲ್ಲೇ ಮೇಜಿನ ಮೇಲಿತ್ತು. ಇಡು, ಇಡು, ಇಡು ಎಂದು ನಾನು ಒಳಗೊಳಗೇ, ನನ್ನ ಸ್ವಂತ ದನಿಯಲ್ಲಿ, ಹೇಳುತ್ತಿದ್ದೆ.

ಅಕ್ಕ ಮುಷ್ಟಿ ತೆರೆದು ಕಾಲಾಳನ್ನು ಒಮ್ಮೆ ನೋಡಿದಳು. ಅದನ್ನು ಬೋರ್ಡಿನ ಹೊರಗೆ ಇಟ್ಟಳು. ಅದನ್ನು ಹೊಡೆಯಬಲ್ಲ ಕಾಯಿ ಒಂದೇ ಇತ್ತು, ರಾಣಿ. ರಾಣಿಯನ್ನು ತಂದು ಆ ಮನೆಯಲ್ಲಿ ಇಟ್ಟು ಗಡಿಯಾರ ಒತ್ತಿದಳು.

ಆಪಾ ಬಾಟಲಿ ಹಿಡಿದುಕೊಂಡು ಮೇಲೆ ಎದ್ದು ಬೋರ್ಡು ನೋಡಿದರು. ಆಮೇಲೆ ಕುದುರೆಯನ್ನು ಅಂಚಿಗೆ ಇಟ್ಟರು.

ರಾಣಿ ಹೋಯಿತು, ಅದರ ಬದಲು ಒಂದು ಆನೆ ಸಿಕ್ಕಿತು. ಅಕ್ಕ ಆಮೇಲೂ ಇಪ್ಪತ್ತು ನಡೆ ಆಡಿದಳು. ಒಂಟೆಯನ್ನು ಕೊಟ್ಟಳು, ಕುದುರೆಯನ್ನು ಕೊಟ್ಟಳು, ಒಂದು ಗಳಿಗೆ ಆಪಾ ಅವರ ರಾಜ ಬಯಲಿಗೂ ಬಂದ. ಆದರೆ ಬಾಗಿಲಲ್ಲಿ ನಿಲ್ಲಲು ರಾಣಿ ಇರಲಿಲ್ಲ. ಕೊಡಲಿಕ್ಕೆ ಇನ್ನೇನೂ ಉಳಿಯದಾದಾಗ ಸೋಲೊಪ್ಪಿ ಕೈ ಕೊಟ್ಟು ಎದ್ದಳು. ಐದನೆಯವಳು.

ಹೊರಗೆ ಆಪಾ ನನ್ನನ್ನು ಹುಡುಕಿಕೊಂಡು ಬಂದು ತೊಳೆದ ಡಬ್ಬಿ ಕೊಟ್ಟರು. ಗೆದ್ದವರ ಮುಖ ಅದಾಗಿರಲಿಲ್ಲ. "ಮರೀಬೇಕಂತ ಭಾಳ ನೋಡಿದೆ ತಮ್ಮಾ. ಆಕಿ ಸೆರಗಿಗೆ ಕೈ ಹಚ್ಚಿದ್ಲು, ನೀನ ಕಣ್ಣ ಮುಂದ ಬಂದಿ. ಏನ್ ಮಾಡ್ಲಿ ಹೇಳು" ಎಂದರು. "ಛಲೋ ಆಡಿದ್ರಿ ಆಪಾ" ಎಂದೆ. ನನ್ನ ದನಿ ಯಾರದೋ ದನಿಯ ಹಾಗೆ ಕೇಳಿತು.

ಅಕ್ಕನನ್ನು ಒಬ್ಬಳೇ ಕಳಿಸಲು ಮನಸ್ಸಾಗದೆ ಬ್ಯಾಡಗಿಯ ಬಸ್ಸನ್ನೇ ನಾನೂ ಹತ್ತಿದೆ. ದಾರಿಯಲ್ಲಿ ಅವಳು ಚೀಲದೊಳಗೆ ಡಬ್ಬಿ ಸರಿಯಾಗಿ ಇಡಲು ಹೋದಾಗ ಒಳಗೆ ಏನೋ ಸದ್ದಾಯಿತು. ಮುಚ್ಚಳ ತೆಗೆದಳು. ನಾಲ್ಕು ಖಜೂರ. ನಮ್ಮ ಕಡೆ ಯಾರೂ ಡಬ್ಬಿಯನ್ನು ಖಾಲಿ ತಿರುಗಿ ಕೊಡುವುದಿಲ್ಲ.

"ಇವು ಯಾರು ಕೊಟ್ರೊ?"

ಹೇಳಿದೆ. ಟವೆಲ್ ಸೆರಗು ಮಾಡಿಕೊಂಡದ್ದು, ಜಂತಿ ನೋಡಿದ್ದು, ಮದುವೆಯ ದಾರಿಯ ಮೆಣಸಿನಕಾಯಿ, ಎಲ್ಲ. ಮೊದಲ ಸಲ ಯಾರ ನಕಲೂ ಮಾಡದೆ ಇಷ್ಟು ಉದ್ದ ಮಾತಾಡಿದ್ದು. ಅವಳು ಕೇಳುತ್ತ ಒಂದು ಖಜೂರ ತಿಂದಳು, ನನಗೊಂದು ಕೊಟ್ಟಳು, ಬೀಜವನ್ನು ಕಿಟಕಿಯ ಹೊರಗೆ ಹಾಕಿದಳು. ಬೈಯಲಿಲ್ಲ. ಬೈದಿದ್ದರೆ ನನಗೆ ಊಟ ಸೇರುತ್ತಿತ್ತು.

"ಕೈಯಾಗಿನ ಕಾಲಾಳು ತಿರಗಿ ಇಟ್ಟಿದ್ರ ಯಾರೂ ನೋಡ್ತಿದ್ದಿಲ್ಲಲ್ಲ ಅಕ್ಕಾ" ಎಂದೆ.

ಅವಳು ಡಬ್ಬಿಯ ಮುಚ್ಚಳ ಹಾಕಿದಳು.

ಒಂದು ತಿಂಗಳು ಬ್ಯಾಡಗಿಗೆ ಹೋಗುವ ಧೈರ್ಯ ಆಗಲಿಲ್ಲ. ಆಮೇಲೆ ಒಂದು ಭಾನುವಾರ ಹೋದೆ. ಪಡಸಾಲೆಯಲ್ಲಿ ಮೆಣಸಿನಕಾಯಿಯ ರಾಶಿ ಇತ್ತು, ಅಕ್ಕ ಇದ್ದಳು, ನಾನು ಎರಡು ಸಲ ಸೀನಿ ಎದುರಿಗೆ ಕುಳಿತೆ. ನಡುವೆ ಬೋರ್ಡು ಇರುತ್ತಿದ್ದ ಜಾಗದಲ್ಲಿ ಒಂದು ಮೊರ. ಅವಳ ಎರಡೂ ಕೈ ತೊಟ್ಟು ಮುರಿಯುತ್ತಿದ್ದವು. ಎಡಗೈಗೂ ಈಗ ಖಾರ ಹತ್ತಿತ್ತು.

ಅಡುಗೆಮನೆಯ ಬಾಗಿಲಲ್ಲಿ ಅವಳ ಅತ್ತೆ ನಿಂತು ನನಗೆ ಮೇಲೆ ಅಟ್ಟದ ಕಡೆ ಕಣ್ಣು ತೋರಿಸಿದರು. ಹೋಗಿ ತಾ ಎನ್ನುವ ಕಣ್ಣು. ಏಣಿ ಗೋಡೆಗೆ ಒರಗಿತ್ತು. ಹಳೆಯ ಕುಕ್ಕರುಗಳ ಹಿಂದೆ ಬೋರ್ಡಿನ ಒಂದು ಮೂಲೆ ಕಾಣುತ್ತಿತ್ತು.

ಅಕ್ಕನನ್ನು ನಗಿಸಲು ನೋಡಿದೆ. ಕೋರ್ಟಿನ ಜವಾನನ ದನಿಯಲ್ಲಿ ಕಿವಿಯಿಲ್ಲದ ಕರಿಯ ಕುದುರೆಯನ್ನು ಮೂರು ಸಲ ಕೂಗಿದೆ, ಹಾಜರ್ ಇದ್ದೀರೋ ಇಲ್ಲವೋ ಎಂದು. ಅತ್ತೆ ನಕ್ಕರು. ಅಕ್ಕ ತಲೆ ಎತ್ತಲಿಲ್ಲ. ಆಗ ನಕಲು ಬಿಟ್ಟು, ಆರೇಳು ವರ್ಷದವನಿದ್ದಾಗಿನ ಹಾಗೇ ಗೋಗರೆದೆ.

"ಅಕ್ಕಾ, ಸಿಟ್ಟಿನ್ಯಾಗ ಬಾಯಿ ಜಾರಿ ಅಂದಿ. ನಾ ಕಾಡಿಸಿದ್ದಕ್ಕ ಅಂದಿ. ಇದೊಂದ ಸಲ ಹಿಂದ ತಗೋ."

ಏಣಿಗೆ ಕೈ ಹಚ್ಚಿ ನಿಂತಿದ್ದೆ. ಅವಳು ಒಂದು ಮೆಣಸಿನಕಾಯಿಯ ತೊಟ್ಟು ಮುರಿದು, ಕಾಯಿಯನ್ನು ರಾಶಿಗೆ ಹಾಕಿ, ನನ್ನ ಮುಖ ನೋಡಿದಳು.

"ಜಾರಿದ ಬಾಯಿ ಯಾರದು?"